ಉಳವಪ್ಪ ಹೊತ್ತು ತಂದವರು

೨೮ ಸೆಪ್ಟೆಂಬರ್ ೧೯೬೫, ಮಂಗಳವಾರ
ಹತ್ತಿಮತ್ತೂರು

ತಾರು ಶಾಲೆಗೇ ಬಂತು. ಮೂರನೆಯ ಇಯತ್ತೆಯ ಹುಡುಗಿಯರಿಗೆ ಭಾಗಾಕಾರ ಕಲಿಸುತ್ತಿದ್ದೆ. ಅಂಚೆಯವನು ನನ್ನ ಮುಖ ನೋಡದೆ ಅದನ್ನು ಹೆಡ್ ಮಾಸ್ತರರ ಕೈಗಿಟ್ಟು ಹೊರಟ. ಇಂಗ್ಲಿಷಿನಲ್ಲಿತ್ತು. ಅವರು ಓದಿಕೊಂಡು ಕನ್ನಡದಲ್ಲಿ ಹೇಗೆ ಹೇಳಲೆಂದು ತಡವರಿಸುತ್ತಿದ್ದರು. ನಾನೇ ಕಸಿದುಕೊಂಡು ನೋಡಿದೆ. ಎರಡು ಸಾಲು ತಿಳಿಯುವಷ್ಟು ಇಂಗ್ಲಿಷು ನನಗೂ ಬರುತ್ತದೆ. ನನ್ನ ತಮ್ಮ, ಸಿಪಾಯಿ ಉಳವಪ್ಪ, ಇಪ್ಪತ್ತನೆಯ ತಾರೀಖು ಪಂಜಾಬಿನ ಗಡಿಯಲ್ಲಿ ಸತ್ತ.

ಯುದ್ಧ ನಿಂತದ್ದು ಇಪ್ಪತ್ತಮೂರಕ್ಕೆ. ಅಂದು ಶಾಲೆಯಲ್ಲಿ ಪೆಪ್ಪರಮೆಂಟು ಹಂಚಿದವಳು ನಾನು. ಇನ್ನು ನನ್ನ ತಮ್ಮ ರಜೆಗೆ ಬರುತ್ತಾನೆ ಎಂದು ಹುಡುಗಿಯರಿಗೆ ಹೇಳಿದವಳೂ ನಾನೇ. ಆಗ ಅವನು ಸತ್ತು ಮೂರು ದಿನವಾಗಿತ್ತು.

ಅಪ್ಪ ಶೇಂಗಾ ಹೊಲದಲ್ಲಿದ್ದ. ಹೇಳಿದೆ. ಬದುವಿನ ಮೇಲೆ ಕೂತವನು ಏಳಲಿಲ್ಲ. ನಾಲ್ಕು ಮಂದಿ ಹಿಡಿದು ಮನೆಗೆ ತರಬೇಕಾಯಿತು.

ಮನೆಯಲ್ಲಿ ಉಳವಪ್ಪನ ಹೆಂಡತಿ ಮಾದೇವಿ ಜೋಳ ಹಸನು ಮಾಡುತ್ತಿದ್ದಳು. ಹೋದ ವರ್ಷ ಅಬಲೂರಿನಿಂದ ತಂದ ಹುಡುಗಿ, ಇನ್ನೂ ಇಪ್ಪತ್ತು ತುಂಬಿಲ್ಲ. ಹೇಳಿದ್ದನ್ನು ಕೇಳಿ ಮೊರ ಕೆಳಗಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡು ಉಳಿದ ಜೋಳ ಹಸನು ಮಾಡತೊಡಗಿದಳು. ಕಣ್ಣಲ್ಲಿ ಹನಿ ನೀರಿಲ್ಲ. ಆ ಮೊರ ಕಸಿದು ಅಂಗಳಕ್ಕೆ ಎಸೆದೆ. ಓಣಿಯ ಹೆಂಗಸರು ನೋಡುತ್ತಿದ್ದರು. ನೋಡಲಿ.

೩ ಅಕ್ಟೋಬರ್, ರವಿವಾರ

ದೇಹ ಬರುವುದಿಲ್ಲ. ಅಲ್ಲಿಯೇ ಸುಟ್ಟರಂತೆ. ನಾವು ಹೂಳುವವರು, ಸುಡುವವರಲ್ಲ. ಗುಂಡು ಹಾರುವ ಜಾಗದಲ್ಲಿ ಯಾರು ಯಾರ ಪದ್ಧತಿ ಕೇಳುತ್ತಾರೆ ಎಂದು ಮಠದ ಅಯ್ಯನವರು ಸಮಾಧಾನ ಹೇಳಿದರು. ಅವರ ಸಮಾಧಾನ ಅವರಲ್ಲಿಯೇ ಇರಲಿ.

ಅವ್ವ ಸತ್ತಾಗ ಉಳವಪ್ಪನಿಗೆ ಆರು ವರ್ಷ, ನನಗೆ ಹದಿನೇಳು. ಮರುವರ್ಷ ನನ್ನ ಗಂಡ ಕಾಲರಾ ಬಂದು ಹೋದ. ನಾನು ಹಣೆ ಒರೆಸಿಕೊಂಡು ತವರಿಗೆ ಬಂದೆ. ಅಂದಿನಿಂದ ಅವನ ತಲೆಗೆ ಎಣ್ಣೆ ಹಚ್ಚಿದ್ದು, ಅಕ್ಷರ ತಿದ್ದಿಸಿದ್ದು, ಕಜ್ಜಿ ತೊಳೆದದ್ದು ಎಲ್ಲ ನಾನೇ. ಅವನು ಪಲ್ಟನ್ನು ಸೇರುತ್ತೇನೆಂದು ಬೆಳಗಾವಿಗೆ ಹೋದಾಗ ಎರಡು ದಿನ ಉಣ್ಣದೆ ಕೂತಿದ್ದೆ. ಅದಕ್ಕೂ ಅವನು ನಕ್ಕ.

ಅಬಲೂರಿನವಳು ಇವತ್ತೂ ಅಳಲಿಲ್ಲ. ಎರಡು ಹೊತ್ತು ಉಂಡಳು.

೧೯ ಅಕ್ಟೋಬರ್, ಮಂಗಳವಾರ

ಉಳವಪ್ಪನ ಮೇಲಧಿಕಾರಿಯ ಪತ್ರ ಬಂದಿದೆ. ಹೆಡ್ ಮಾಸ್ತರರು ಒಂದೊಂದೇ ಸಾಲು ಕನ್ನಡಕ್ಕೆ ತಂದು ಹೇಳಿದರು. ನಾನು ಬರೆದುಕೊಂಡೆ.

ಒಂದು ಕಾಲುವೆಯ ದಂಡೆಯ ಮೇಲೆ ನಡೆದದ್ದು. ನಮ್ಮವರು ಮೂವರು ಗಾಯಗೊಂಡು ಬಯಲಿನಲ್ಲಿ ಬಿದ್ದಿದ್ದರು. ಉಳವಪ್ಪ ಗುಂಡಿನ ನಡುವೆಯೇ ತೆವಳಿಕೊಂಡು ಹೋಗಿ ಒಬ್ಬನನ್ನು ಬೆನ್ನ ಮೇಲೆ ಹೊತ್ತು ತಂದ. ಮತ್ತೆ ಹೋಗಿ ಇನ್ನೊಬ್ಬನನ್ನು ತಂದ. ಮೂರನೆಯವನಿಗಾಗಿ ಹೋದವನು ತಿರುಗಿ ಬರಲಿಲ್ಲ. ಪದಕಕ್ಕೆ ಅವನ ಹೆಸರು ಕಳಿಸಿದ್ದಾರಂತೆ.

ಎರಡು ಸಲ ಹೋಗಿದ್ದು ಸಾಲಲಿಲ್ಲವೇ ನಿನಗೆ? ಸಣ್ಣವನಿದ್ದಾಗಲೂ ಹೀಗೆಯೇ. ಸಾಕು ಎಂದರೆ ತಿಳಿಯುತ್ತಿರಲಿಲ್ಲ.

೧೪ ನವೆಂಬರ್, ರವಿವಾರ

ಸವಣೂರಿನ ಸಂತೆಯಲ್ಲಿ ಎಲೆ ಮಾರುವವನೊಬ್ಬ ನನ್ನ ಕೈಗೆ ಎಲೆ ಕೊಡುತ್ತ, ನಿಮ್ಮ ತಮ್ಮ ಹನ್ನೆರಡು ಮಂದಿ ವೈರಿಗಳನ್ನು ಕಡಿದು ಸತ್ತನಂತಲ್ಲರಿ ಎಂದ. ಯಾರು ಹೇಳಿದರು ಎಂದು ಕೇಳಿದೆ. ನಿಮ್ಮೂರ ಚೇರ್ಮನ್ನರೇ ಹೇಳಿದರು ಎಂದ.

ಪಂಚಾಯತಿಯ ಚೇರ್ಮನ್ ಗುದ್ಲೆಪ್ಪನ ಮನೆಗೆ ಸಂತೆಯ ಚೀಲ ಹಿಡಿದುಕೊಂಡೇ ಹೋದೆ. ಕನ್ನಡದಲ್ಲಿ ಬರೆದುಕೊಂಡ ಪತ್ರ ಚೀಲದಲ್ಲಿಯೇ ಇತ್ತು, ಓದಿ ತೋರಿಸಿದೆ. ಅವರಿಗೆ ನಾಚಿಕೆಯಾಗಲಿಲ್ಲ. ಹೊತ್ತು ತಂದ ಎಂದರೆ ಹಮಾಲನ ಕೆಲಸ ಮಾಡಿದಂತೆ ಕೇಳಿಸುತ್ತದೆ, ಮಂದಿಗೆ ವೀರನೆಂದರೆ ಕಡಿಯಬೇಕು ಎಂದರು. ಹಮಾಲನಂತೆ!

ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅಪ್ಪ ರುಮಾಲು ಸುತ್ತಿಕೊಂಡು ಹೊರಗೆ ಹೊರಟ. ಆಮೇಲೆ ತಿಳಿಯಿತು, ಕಟ್ಟೆಯ ಮೇಲೆ ಕೂತು ಅಪ್ಪನೂ ಹನ್ನೆರಡು ಎಂದೇ ಹೇಳುತ್ತಿದ್ದಾನೆ.

೧೨ ಜನವರಿ ೧೯೬೬, ಬುಧವಾರ

ಪ್ರಧಾನಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡರೆಂದು ಶಾಲೆಗೆ ರಜೆ. ಗೆದ್ದ ನೆಲವನ್ನು ಎರಡೂ ಕಡೆಯವರು ತಿರುಗಿ ಕೊಡುವುದೆಂದು ಅದಕ್ಕೂ ಮೊದಲೇ ಒಪ್ಪಂದವಾಗಿದೆ ಎಂದು ರೇಡಿಯೋದಲ್ಲಿ ಹೇಳಿದರು. ಆ ಕಾಲುವೆಯ ದಂಡೆಯನ್ನೂ ಕೊಡುತ್ತಾರೆ.

೨೭ ಜನವರಿ, ಗುರುವಾರ

ಶೌರ್ಯಕ್ಕಾಗಿ ಪದಕ ಸಿಕ್ಕಿದೆ. ಪತ್ರಿಕೆಯಲ್ಲಿ ಹೆಸರು ಬಂದಿದೆ. ಊರಿಗೆ ಊರೇ ನಮ್ಮ ಮನೆಯಲ್ಲಿ. ಅಪ್ಪನ ಕೊರಳಲ್ಲಿ ಮಾಲೆ. ಇದೇ ಅಪ್ಪ, ಉಳವಪ್ಪ ಪಲ್ಟನ್ನಿಗೆ ಹೋಗುವ ದಿನ ಹೊಸ್ತಿಲು ತುಳಿಯಬೇಡ ಎಂದಿದ್ದ.

ಚೇರ್ಮನ್ನರು ಪಂಚಾಯತಿ ಕಚೇರಿಯ ಮುಂದೆ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಏಪ್ರಿಲ್‌ನಲ್ಲಿ ಸಮಾರಂಭ. ಬೆಳಗಾವಿಯಿಂದ ಸೈನ್ಯದ ಅಧಿಕಾರಿ ಬಂದು ಪದಕವನ್ನು ಉಳವಪ್ಪನ ಹೆಂಡತಿಯ ಕೈಗೆ ಕೊಡುತ್ತಾರೆ. ಅವಳ ಕೈಗೆ! ಬರಿ ಇಪ್ಪತ್ತೆರಡು ದಿನ ಅವನ ಜೊತೆ ಬಾಳಿದವಳಿಗೆ. ಅವನ ರಜೆಯ ದಿನಗಳು ಅಷ್ಟೇ.

೧೩ ಫೆಬ್ರುವರಿ, ರವಿವಾರ

ಅಬಲೂರಿನವಳ ಅಣ್ಣ ಮಂಜಪ್ಪ ಬಂದಿದ್ದ. ಉಂಡ ಮೇಲೆ, ಅಪ್ಪನ ಮುಂದೆ ಕೈ ಕಟ್ಟಿ ಕೂತು ಮಾತು ತೆಗೆದ. ಅವರ ಊರಿನಲ್ಲಿಯೇ ಒಬ್ಬ ರೈತ, ಹೆಂಡತಿ ಸತ್ತವನು, ಮಾದೇವಿಯನ್ನು ಉಡಕಿ ಮಾಡಿಕೊಳ್ಳಲು ಕೇಳಿದ್ದಾನಂತೆ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವುದು ನಮ್ಮ ಮಂದಿಯಲ್ಲಿ ಹೊಸದೇನಲ್ಲ. ಆದರೆ ಐದು ತಿಂಗಳು!

ಅಪ್ಪ ಮಾತಾಡುವ ಮೊದಲು ಚೇರ್ಮನ್ನರು ಮಾತಾಡಿದರು. ಅವರು ಈಗ ದಿನವೂ ನಮ್ಮ ಮನೆಯಲ್ಲಿಯೇ. ಬೇರೆಯವರ ಮಾತು ಬೇರೆ, ವೀರನ ಹೆಂಡತಿಗೆ ಉಡಕಿ ಎಂದರೆ ಊರಿನ ಮರ್ಯಾದೆ ಏನಾಗಬೇಕು, ಅವಳು ಇನ್ನು ಊರಿನವಳು ಎಂದರು. ಅಪ್ಪ ಹೌದೆಂದ. ಮಂಜಪ್ಪ ತಲೆ ತಗ್ಗಿಸಿ ಹೋದ.

ನಾನು ಅಡಿಗೆಮನೆಗೆ ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನ ಬೂದಿ ಇನ್ನೂ ಆರಿಲ್ಲ, ನಿನಗೆ ಹಸಿರು ಬಳೆಯ ಆಸೆಯೇ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಕ್ಕಾರ, ನೀವು ಹದಿನಾಲ್ಕು ವರ್ಷ ಅವರನ್ನ ನೋಡೀರಿ. ನಾ ನೋಡಿದ್ದು ಇಪ್ಪತ್ತೆರಡು ದಿನ. ಕಣ್ಣು ಮುಚ್ಚಿದ್ರ ಅವರ ಮಾರಿ ಬರೂದಿಲ್ರಿ. ಫೋಟೋ ನೋಡಿ ನೆನಸ್ಕೋಬೇಕು. ಅಳಾಕ ಹ್ವಾದ್ರ ನಾಚಿಕಿ ಬರತೈತಿ. ಯಾರಿಗಂತ ಅಳ್ಲಿ ನಾ?"

ಅವಳ ಕೈಯಿಂದ ಹಿಟ್ಟು ಕಸಿದು ನಾನೇ ಬಡಿದೆ, ರೊಟ್ಟಿ ಹರಿಯಿತು. ಅದಕ್ಕೂ ಸಿಟ್ಟು ಬಂತು.

೧೫ ಫೆಬ್ರುವರಿ

ಅವಳು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ನನ್ನ ಹದಿನೆಂಟರಲ್ಲಿ ಗಂಡ ಸತ್ತ. ಅವನ ಮುಖ ನೆನೆಯಲು ಇವತ್ತು ನೋಡಿದೆ. ಮೀಸೆ ಬಂತು. ಬೇರೇನೂ ಬರಲಿಲ್ಲ.

೬ ಮಾರ್ಚ್, ರವಿವಾರ

ಇವತ್ತು ಸವಣೂರಿನ ದಿಲಾವರ ಬಂದಿದ್ದ. ಉಳವಪ್ಪನ ಕಂಪನಿಯಲ್ಲಿಯೇ ಇದ್ದವನು. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಐದು ತಿಂಗಳು ಮಿಲಿಟರಿ ದವಾಖಾನೆಯಲ್ಲಿದ್ದು ಹೋದ ವಾರ ಊರಿಗೆ ಬಂದನಂತೆ. ಬಗಲುಗೋಲು ಊರಿಕೊಂಡು ಬಸ್ಸಿನಿಂದ ನಮ್ಮ ಮನೆಯವರೆಗೆ ನಡೆದು ಬಂದಿದ್ದ. ಉಳವಪ್ಪ ಮೊದಲು ಹೊತ್ತು ತಂದದ್ದು ಇವನನ್ನೇ.

ಅಪ್ಪ ಹೊಲಕ್ಕೆ ಹೋಗಿದ್ದ. ಮಾದೇವಿ ಬಾಗಿಲ ಹಿಂದೆ ನಿಂತಿದ್ದಳು. ದಿಲಾವರ ನಿಧಾನವಾಗಿ ಎಲ್ಲ ಹೇಳಿದ. ಉಳವಪ್ಪನಿಗೆ ಬಹಳ ಹೆದರಿಕೆಯಾಗಿತ್ತಂತೆ. ದಿಲಾವರನನ್ನು ತಂದು ಖಂದಕದಲ್ಲಿ ಮಲಗಿಸಿದವನೇ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡನಂತೆ. ಬಾಯಿ ಒರೆಸಿಕೊಂಡು ಮತ್ತೆ ಹೋದ. ಮೂರನೆಯ ಸಲ ಸುಬೇದಾರರೇ ಬೇಡವೆಂದರು. ಅವರನ್ನು ಕನ್ನಡದಲ್ಲಿ ಬೈದು ಹೋದನಂತೆ. ಅವರಿಗೆ ತಿಳಿಯಲಿಲ್ಲ ಎನ್ನುವಾಗ ದಿಲಾವರ ಸ್ವಲ್ಪ ನಕ್ಕ. ನನಗೂ ನಗು ಬಂತು. ಆರು ತಿಂಗಳಲ್ಲಿ ಉಳವಪ್ಪನ ಬಗ್ಗೆ ಕೇಳಿದ ಮೊದಲ ನಿಜ ಅದು.

ಹೋಗುವಾಗ, ಒಂದು ಮಾತು ಉಳಿದಿದೆ, ಹೇಳಲೋ ಬೇಡವೋ ತಿಳಿಯದು ಎಂದ. ಹೇಳು ಎಂದೆ.

"ಹಿಂದಿನ ದಿನ ಸಂಜಿಮುಂದ ಅಂದಿದ್ದ ಅಕ್ಕಾರ. ನಾ ಉಳೀಲಿಲ್ಲಂದ್ರ ನಮ್ಮ ಅಕ್ಕಗ ಹೇಳು, ಮಾದೇವಿಗೆ ಉಡಕಿ ಮಾಡಿ ಕಳಿಸಂತ. ಅಕ್ಕ ಕುಂತಂಗ ಆಕಿ ಕುಂದ್ರೂದು ಬ್ಯಾಡ."

ದಿಲಾವರನಿಗೆ ಚಹಾ ಕೊಟ್ಟೆ. ಬಸ್ಸಿನವರೆಗೆ ಕಳಿಸಿ ಬಂದೆ. ದಾರಿಯಲ್ಲಿ ಏನು ಮಾತಾಡಿದೆನೋ ಒಂದೂ ನೆನಪಿಲ್ಲ.

ಅಕ್ಕ ಕುಂತಂಗ. ನಾನು ಕೂತಿದ್ದೆನೇ ಉಳವಪ್ಪ? ನಾಲ್ಕು ಗಂಟೆಗೆ ಎದ್ದು ಬೀಸುಗಲ್ಲು ತಿರುವಿ, ನಿನಗೆ ಬುತ್ತಿ ಕಟ್ಟಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಶಾಲೆಯ ಅಕ್ಕೋರು ಎನ್ನಿಸಿಕೊಂಡವಳು ಕೂತವಳೇ? ನೀನು ಉಂಡದ್ದು ಕೂತವಳ ಕೈಯ ಅನ್ನವೇ? ನನ್ನ ಮೇಲೆ ಕನಿಕರ ಪಡಲು ನಿನಗೆ ಯಾರು ಹೇಳಿದ್ದರು? ನನ್ನ ಮುಖ ನೋಡಿ ಒಂದು ದಿನವಾದರೂ ಇದನ್ನು ಅನ್ನಬಹುದಿತ್ತಲ್ಲ. ಅಷ್ಟು ದೂರ ಹೋಗಿ, ನನಗೆ ಗುರುತಿಲ್ಲದವನ ಕಿವಿಯಲ್ಲಿ ಹೇಳಿ ಸತ್ತೆಯಾ?

೯ ಮಾರ್ಚ್, ಬುಧವಾರ

ನನಗೂ ಒಂದು ಉಡಕಿ ಬಂದಿತ್ತು. ಶಿಗ್ಗಾವಿಯವರು. ಆಗ ನನಗೆ ಇಪ್ಪತ್ತು, ಉಳವಪ್ಪನಿಗೆ ಒಂಬತ್ತು. ತಮ್ಮನನ್ನು ಬಿಟ್ಟು ಬರಲಾರೆ ಎಂದು ಹಾಲವ್ವ ತಾನೇ ಬೇಡವೆಂದಳು, ಎಂಥ ತ್ಯಾಗ ಎಂದು ಊರಿನವರು ಇವತ್ತಿಗೂ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತ ಬಂದಿದ್ದೇನೆ.

ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಶಿಗ್ಗಾವಿಯವರು ಎದ್ದು ಹೋದ ಮೇಲೆ ಅಪ್ಪ ಒಳಗೆ ಬಂದು, ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು, ಅದಕ್ಕೆ ನೀನೇ ಒಲ್ಲೆ ಎಂದೆ ಅಂತ ಹೇಳಿ ಕಳಿಸಿದೆ ಎಂದ. ನಾನು ಆಗಲಿ ಎಂದೆ. ಇಷ್ಟೇ ನಡೆದದ್ದು. ಇದನ್ನು ಇದೇ ಮೊದಲು ಬರೆಯುತ್ತಿದ್ದೇನೆ.

ಇವತ್ತು ಅಪ್ಪನ ತಾಟಿಗೆ ರೊಟ್ಟಿ ಹಾಕದೆ ಬುಟ್ಟಿಯನ್ನೇ ಮುಂದಿಟ್ಟು ಬಂದೆ.

೨೦ ಮಾರ್ಚ್, ರವಿವಾರ

ಸಮಾರಂಭದಲ್ಲಿ ಮಾದೇವಿ ಎರಡು ಮಾತು ಆಡಬೇಕಂತೆ. ಅದನ್ನು ಬರೆದುಕೊಡಲು ಚೇರ್ಮನ್ನರು ನನಗೇ ಹೇಳಿದ್ದಾರೆ. ಏನಿರಬೇಕೆಂಬುದನ್ನೂ ಹೇಳಿದ್ದಾರೆ: ನಾನು ವೀರನ ಪತ್ನಿ, ಅವರ ಹೆಸರಿನಲ್ಲಿಯೇ ಕಡೆಯವರೆಗೆ ಬಾಳುತ್ತೇನೆ, ಇದು ಈ ಊರಿನ ಮುಂದೆ ನನ್ನ ಪ್ರತಿಜ್ಞೆ.

ಬರೆದುಕೊಟ್ಟೆ. ನನ್ನ ಕೈ ಏಕೆ ಬೀಳಲಿಲ್ಲವೋ. ಮಾದೇವಿಗೆ ಓದಲು ಬರುವುದಿಲ್ಲ, ಬಾಯಿಪಾಠ ಮಾಡಿಸಬೇಕು. ಸಂಜೆ ನಾನು ಹೇಳಿಕೊಟ್ಟೆ, ಅವಳು ತಿರುಗಿ ಹೇಳಿದಳು. ಮೂರು ಸಲ ಸರಿಯಾಗಿ ಹೇಳಿದಳು. ನಾಲ್ಕನೆಯ ಸಲ "ಕಡೆಯವರೆಗೆ" ಎನ್ನುವಲ್ಲಿ ನಿಂತು, ಕಡೆಯವರೆಗೆ ಎಂದರೆ ಎಷ್ಟು ವರ್ಷವಾಗುತ್ತದೆ ಅಕ್ಕಾರ ಎಂದು ಕೇಳಿದಳು. ಕುಚೋದ್ಯವಲ್ಲ. ಲೆಕ್ಕ ತಿಳಿಯದೆ ಕೇಳಿದಳು.

ಹಾಳೆಯನ್ನು ಒಲೆಗೆ ಹಾಕಿದೆ. ಚೇರ್ಮನ್ನರು ಕೇಳಿದರೆ ಚೆನ್ನಾಗಿ ಕಲಿತಿದ್ದಾಳೆ ಎನ್ನುತ್ತೇನೆ. ಅವರು ಸುಳ್ಳು ಹೇಳಬಹುದಾದರೆ ನಾನೂ ಹೇಳಬಲ್ಲೆ.

೩ ಏಪ್ರಿಲ್, ರವಿವಾರ

ಶಾಲೆಯ ಬಯಲಿನಲ್ಲಿ ಚಪ್ಪರ. ಸುತ್ತಲಿನ ಹಳ್ಳಿಗಳವರೆಲ್ಲ ಬಂದಿದ್ದರು. ಬೆಳಗಾವಿಯಿಂದ ಬಂದ ಅಧಿಕಾರಿ ವಯಸ್ಸಾದವರು, ಒಳ್ಳೆಯವರ ಹಾಗೆ ಕಂಡರು. ಪದಕವನ್ನು ಮಾದೇವಿಯ ಕೈಗಿಟ್ಟು, ಸೆಟೆದು ನಿಂತು ಸಲಾಮು ಮಾಡಿದರು. ಅವಳು ಅಷ್ಟು ಮಂದಿಯ ಮುಂದೆ ಏನು ಮಾಡಬೇಕೆಂದು ತಿಳಿಯದೆ ತಾನೂ ಕೈ ಎತ್ತಿದಳು. ಯಾರೂ ನಗಲಿಲ್ಲ.

ಆಮೇಲೆ ಚೇರ್ಮನ್ನರ ಭಾಷಣ. ಹನ್ನೆರಡು ಮಂದಿ ಈಗ ಹದಿನೆಂಟು ಆಗಿದ್ದರು. ಅದನ್ನು ಮುಗಿಸಿ, ಈಗ ವೀರಪತ್ನಿ ಮಾದೇವಿ ಪ್ರತಿಜ್ಞೆ ಮಾಡುತ್ತಾಳೆ ಎಂದರು. ಮಾದೇವಿ ಎದ್ದಳು. ಬಾಯಿ ತೆರೆಯಲಿಲ್ಲ. ನನ್ನ ಕಡೆಗೆ ನೋಡಿದಳು. ಚೇರ್ಮನ್ನರು ಪಕ್ಕದಿಂದ, ನಾನು ವೀರನ ಪತ್ನಿ ಎಂದು ಹೇಳಿಕೊಟ್ಟರು. ಅವಳು ಮತ್ತೂ ನನ್ನನ್ನೇ ನೋಡಿದಳು.

ನಾನು ಹೆಂಗಸರ ಸಾಲಿನಿಂದ ಎದ್ದು ಮೇಲೆ ಹೋದೆ. ಹೋದದ್ದು ಅವಳಿಗಾಗಿ ಎಂದು ಹೇಳಲಾರೆ. ಆ ಹದಿನೆಂಟು ಎಂಬ ಮಾತು ಕೇಳಿ ನನಗೆ ಮೈ ಉರಿದಿತ್ತು.

"ನನ್ನ ತಮ್ಮ ಎಷ್ಟು ಮಂದೀನ ಕೊಂದಾನೋ ನನಗ ಗೊತ್ತಿಲ್ರಿ" ಎಂದೆ. "ಪತ್ರದಾಗ ಇಲ್ಲ. ಪತ್ರದಾಗ ಇರೂದು ಇಬ್ಬರನ್ನ ಹೊತ್ತು ತಂದದ್ದು. ಅದರಾಗ ಒಬ್ಬಾಂವ ಇಲ್ಲೇ ಕುಂತಾನ."

ದಿಲಾವರ ಬಗಲುಗೋಲು ಊರಿಕೊಂಡು ಎದ್ದು ನಿಂತ. ಮಂದಿಯೆಲ್ಲ ಅವನ ಕಡೆಗೆ ತಿರುಗಿದರು. ನಾನು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಧಿಕಾರಿಗೆ ಕನ್ನಡ ಬಾರದು. ಹೆಡ್ ಮಾಸ್ತರರು ಅವರ ಕಿವಿಯಲ್ಲಿ ಹೇಳುತ್ತಿದ್ದರು. ಅವರು ಹೌದು ಹೌದೆಂದು ತಲೆ ಆಡಿಸಿದರು. ಓದಿ ಮುಗಿಸಿ, ಸಾಯುವ ಹಿಂದಿನ ದಿನ ಅವನು ದಿಲಾವರನಿಗೆ ಹೇಳಿದ್ದನ್ನೂ ಹೇಳಿದೆ. ಅಕ್ಕ ಕುಂತಂಗ ಎಂಬುದನ್ನು ಬಿಡದೆ ಹೇಳಿದೆ.

"ಅವನ ಮರ್ಯಾದಿ ನಿಮಗ ಬೇಕಾಗಿದ್ರ ಅವನ ಮಾತು ನಡಸ್ರಿ. ಮಾದೇವಿನ್ನ ನಮ್ಮ ಮನಿಯಿಂದನ ಉಡಕಿ ಮಾಡಿ ಕಳಸ್ತೇನಿ. ಆಕಿ ಊರಾನಾಕಿ ಅಲ್ಲ."

ಅಪ್ಪ ಮುಂದಿನ ಕುರ್ಚಿಯಿಂದ ಎದ್ದು, ಮಾಲೆ ತೆಗೆದು ಅಲ್ಲಿಯೇ ಇಟ್ಟು, ಜನರ ನಡುವೆ ಹಾಯ್ದು ಹೋದ. ಪಂಚಾಯತಿಯ ಮುಂದಿನ ಕಲ್ಲಿನ ಮೇಲೆ ಇನ್ನೂ ಅಕ್ಷರ ಕೊರೆದಿರಲಿಲ್ಲ. ಅದಕ್ಕೆ ಮುಚ್ಚಿದ ಬಟ್ಟೆ ಸರಿಸಲು ಯಾರೂ ಅತ್ತ ಹೋಗದೆ ಎಲ್ಲರೂ ಚದುರಿದರು.

೪ ಏಪ್ರಿಲ್

ಅಪ್ಪ ಮಾತು ಬಿಟ್ಟಿದ್ದಾನೆ. ಬಿಡಲಿ.

೮ ಮೇ, ರವಿವಾರ
ಅಬಲೂರು

ಅಪ್ಪ ಮನೆಯಲ್ಲಿ ಉಡಕಿ ಮಾಡಗೊಡಲಿಲ್ಲ. ಅದಕ್ಕೇ ಮಾದೇವಿಯನ್ನು ಕರೆದುಕೊಂಡು ನಾನೇ ಇಲ್ಲಿಗೆ ಬಂದೆ. ಹೊರಡುವಾಗ ಅವಳು ಪದಕವನ್ನು ಅಪ್ಪನ ಹಾಸಿಗೆಯ ಮೇಲಿಟ್ಟು ನಮಸ್ಕಾರ ಮಾಡಿದಳು. ಅಪ್ಪ ಗೋಡೆಯ ಕಡೆಗೆ ತಿರುಗಿ ಮಲಗಿದ್ದ.

ಉಡಕಿಯಲ್ಲಿ ಮುತ್ತೈದೆಯರು ಮುಂದೆ ಬರುವುದಿಲ್ಲ. ಸೀರೆ ಉಡಿಸಬೇಕಾದವರು ನನ್ನಂಥವರೇ. ಹದಿನಾರು ವರ್ಷಗಳಲ್ಲಿ ಒಂದು ಶುಭಕಾರ್ಯಕ್ಕೆ ನನ್ನನ್ನು ಮುಂದೆ ಕರೆದದ್ದು ಇದೇ ಮೊದಲು. ಮಂಜಪ್ಪ ತಂದ ಸೀರೆಯ ಬಣ್ಣ ನನಗೆ ಹಿಡಿಸಲಿಲ್ಲ, ಮಾದೇವಿಯ ಮೈಬಣ್ಣಕ್ಕೆ ಹೊಂದುವುದಿಲ್ಲ. ಅವನಿಗೆ ಬೈದು, ನನ್ನ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದು ಅದನ್ನೇ ಉಡಿಸಿದೆ. ನೆರಿಗೆ ಹಿಡಿಯುವಾಗ ನೆಟ್ಟಗೆ ನಿಲ್ಲು ಎಂದು ಅವಳಿಗೂ ಬೈದೆ.

ಗಂಡಿನದು ಮಾತು ಕಡಿಮೆ. ಊಟಕ್ಕೆ ಕೂತಾಗ, ಪದಕ ಪಡೆದವನ ಹೆಂಡತಿಯನ್ನು ನಾನು ಕರೆದುಕೊಂಡೆನೆಂದು ಮಂದಿ ಆಡಿಕೊಳ್ಳುತ್ತಾರೆ, ಅವರು ಆಡಿಕೊಳ್ಳಲಿ, ಉಳವಪ್ಪನ ಫೋಟೋ ನಮ್ಮ ಮನೆಯಲ್ಲಿಯೂ ಇರಲಿ ಎಂದ. ನೋಡೋಣ. ಅವನ ಮೇಲೂ ಒಂದು ಕಣ್ಣಿಡಬೇಕು.

೪ ಜೂನ್, ಶನಿವಾರ
ಹತ್ತಿಮತ್ತೂರು

ವರ್ಗದ ಹುಕುಂ ಬಂದಿದೆ. ಹಾನಗಲ್ಲಿಗೆ. ಯಾರು ಯಾರ ಕಿವಿ ಕಚ್ಚಿದರೋ ನನಗೆ ಗೊತ್ತಿದೆ. ಹನ್ನೊಂದು ವರ್ಷ ಕಲಿಸಿದ ಶಾಲೆ. ಅಪ್ಪನಿಗೆ ಕೇಳಿಸುವ ಹಾಗೆ ಹುಕುಮನ್ನು ಗಟ್ಟಿಯಾಗಿ ಓದಿದೆ. ರೊಟ್ಟಿ ಬಡಿಯುವವರು ಯಾರೆಂದು ಈಗ ಕೇಳಲಿ ಎಂದು ಕಾದೆ. ಕೇಳಲಿಲ್ಲ.

೨೬ ಜೂನ್, ರವಿವಾರ
ಹಾನಗಲ್

ಈ ಊರಿನ ಮೇಲೆ ಸಿಟ್ಟು ಮಾಡಿಕೊಂಡೇ ಬಂದೆ. ಕೋಣೆ ಸಣ್ಣದು, ಒಂದು ಮೂಲೆಯಲ್ಲಿ ಸೋರುತ್ತದೆ. ಪಕ್ಕದ ಮನೆಯ ಮಾಬೂಬಿ ಕೇಳದೆ ಬಂದು ಹೆಂಚು ಸರಿಸಿಕೊಟ್ಟಳು. ಕಿಟಕಿಗೆ ಹೊಲಿಸಲು ನಿನ್ನೆ ಒಂದು ಗಜ ಬಟ್ಟೆ ತಂದೆ. ನೀಲಿ. ಶಾಲೆಯ ಹುಡುಗಿಯರಿಗೆ ಭಾಗಾಕಾರ ಒಂದಿಷ್ಟೂ ಬರುವುದಿಲ್ಲ, ಮೊದಲಿನಿಂದ ಹಿಡಿಯಬೇಕು.

ಇಂದು ಹತ್ತು ಗಂಟೆಗೆ ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಬಟ್ಟೆಯ ಗಂಟು. ಅದರಲ್ಲಿ ತಾನೇ ಬಡಿದ ನಾಲ್ಕು ರೊಟ್ಟಿ, ಅಂಚೆಲ್ಲ ಸೀದಿತ್ತು. ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ಸಾರು ಕಾಯಿಸಿ ಬಡಿಸಿದೆ. ಉಂಡು ಕೈ ತೊಳೆದ. ಆಮೇಲೆ, ಕಲ್ಲು ಕೊರೆಯುವವನು ಕೇಳುತ್ತಿದ್ದಾನೆ, ಅದರ ಮೇಲೆ ಏನು ಬರೆಸಬೇಕೆಂಬುದನ್ನು ನೀನೇ ಬರೆದು ಕೊಡು ಎಂದ. ಚೇರ್ಮನ್ನರಿಗೆ ತಾನೇ ಹೇಳಿ ಬಂದಿದ್ದಾನಂತೆ.

ಬರೆದು ಓದಿದೆ. ಸಿಪಾಯಿ ಉಳವಪ್ಪ ಫಕ್ಕೀರಪ್ಪ, ಹತ್ತಿಮತ್ತೂರು. ಗಾಯಗೊಂಡ ಇಬ್ಬರನ್ನು ಹೊತ್ತು ತಂದನು. ಮೂರನೆಯವನನ್ನು ತರಲು ಹೋಗಿ ಸತ್ತನು. ವಯಸ್ಸು ಇಪ್ಪತ್ತಮೂರು.

ಇನ್ನೊಮ್ಮೆ ಓದು ಎಂದ. ಓದಿದೆ. ಇಷ್ಟು ದಿನ ಒಳಗೆ ಇಟ್ಟುಕೊಂಡದ್ದು ಆಗ ಬಾಯಿಗೆ ಬಂತು. ನಿಜ ಗೊತ್ತಿದ್ದೂ ನೀನೇಕೆ ಹನ್ನೆರಡು ಎಂದು ಹೇಳುತ್ತಿದ್ದೆ, ಅವನನ್ನು ಹೆತ್ತವನು ನೀನು ಎಂದು ಕೇಳಿದೆ. ಅಪ್ಪ ತನ್ನ ಬೆರಳಿನ ಬೊಬ್ಬೆಯನ್ನು ನೋಡುತ್ತ ಹೇಳಿದ.

"ಹಂಗ ಹೇಳಿದ ದಿನ ಒಂದೀಟು ನಿದ್ದಿ ಬರ್ತಿತ್ತವ್ವ. ನಿಂದು ಖರೆ. ಖರೇದಾಗ ಅಂವಾ ದಿನಾ ಮೂರನೇ ಸಲ ಹೊಂಡತಾನ. ಹೋಗಬ್ಯಾಡೋ ಅಂತೇನಿ. ಕೇಳೂದಿಲ್ಲ."

ಏನೋ ಒಂದು ಬಿರುಸಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಶಿಗ್ಗಾವಿಯ ಮಾತು. ಅದನ್ನು ಇನ್ನೊಂದು ದಿನ ಕೇಳಿಯೇ ಕೇಳುತ್ತೇನೆ, ಬಿಡುವುದಿಲ್ಲ. ಬೆರಳಿಗೆ ಎಣ್ಣೆ ಹಚ್ಚಿ ಅರಿವೆ ಕಟ್ಟಿದೆ. ಚಾಪೆ ಹಾಸಿದೆ, ಸ್ವಲ್ಪ ಅಡ್ಡಾಗು, ಸವಣೂರಿನ ಬಸ್ಸು ನಾಲ್ಕಕ್ಕೆ ಎಂದೆ. ಮಲಗಿದವನಿಗೆ ಆ ಕ್ಷಣವೇ ನಿದ್ದೆ ಹತ್ತಿತು. ಬಾಯಿ ತೆರೆದು, ಸಣ್ಣ ಹುಡುಗರ ಹಾಗೆ ಮಲಗಿದ್ದಾನೆ. ಕಿಟಕಿಯ ಬಿಸಿಲು ಮುಖಕ್ಕೆ ಬರುತ್ತಿತ್ತು, ಹೊಲಿಯದ ಬಟ್ಟೆಯನ್ನೇ ಅಡ್ಡ ಕಟ್ಟಿದೆ.

ನಾಲ್ಕರ ಬಸ್ಸು ಈಗ ಹಾರ್ನು ಹೊಡೆದು ಹೋಯಿತು. ನಾನು ಎಬ್ಬಿಸಲಿಲ್ಲ.